ಸಿಂಕಿನ ಕೆಳಗಿನ ಕಪಾಟು

— ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ ಎಂದಿಟ್ಟುಕೊಳ್ಳಿ. ಅಡುಗೆಕಟ್ಟೆಯ ಕೆಳಗೆ ಸಾಲಾಗಿ ಕಪಾಟುಗಳು, ಡ್ರಾಯರ್‌ಗಳು. ಎಲ್ಲದಕ್ಕೂ ಮಕ್ಕಳ ಲಾಕ್ ಹಾಕಿಸಿಬಿಡೋಣ ಎಂದು ಮನೆಯವರ ತೀರ್ಮಾನ. ಪೇಟೆಯಲ್ಲಿ ಅಂಟಿಸುವ ಪಟ್ಟಿಯೂ ಸಿಗುತ್ತದೆ, ಒಳಗೆ ಕೂರುವ ಕೊಕ್ಕೆಯೂ ಸಿಗುತ್ತದೆ, ಮ್ಯಾಗ್ನೆಟ್ ಹಿಡಿದರೆ ಮಾತ್ರ ತೆರೆಯುವಂಥದ್ದೂ ಇದೆ. ಯಾವುದು ಒಳ್ಳೆಯದೆಂದು ಹೇಳಿದರೆ ವಿಷಯ ಅಲ್ಲಿಗೆ ಮುಗಿಯಿತಲ್ಲ?

— ಮುಗಿಯುವುದಿಲ್ಲ. ಯಾವ ಲಾಕ್ ಎಂಬ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಆ ಬಾಗಿಲಿನ ಹಿಂದೆ ಏನಿದೆ, ದಿನಕ್ಕೆ ಎಷ್ಟು ಸಲ ಅದನ್ನು ತೆರೆಯುತ್ತೀರಿ ಎಂದು ಮೊದಲು ಕೇಳಬೇಕು. ನಮ್ಮ ಫ್ಲ್ಯಾಟುಗಳಲ್ಲಿ ಸಿಂಕಿನ ಕೆಳಗಿನ ಕಪಾಟನ್ನು ತೆರೆದು ನೋಡಿ. ಪಾತ್ರೆ ತೊಳೆಯುವ ಸೋಪು. ಅದರ ಪಕ್ಕದಲ್ಲಿ ಟಾಯ್ಲೆಟ್ ಕ್ಲೀನರ್, ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲದ್ದು. ಕಟ್ಟಿಕೊಂಡ ಪೈಪಿಗೆ ಸುರಿಯುವ ಪುಡಿ, ಅಂದರೆ ಕಾಸ್ಟಿಕ್ ಸೋಡಾ. ಆಮೇಲೆ ಫಿನಾಯಿಲ್, ಬ್ಲೀಚು, ಜಿರಳೆಯ ಸ್ಪ್ರೇ, ಸೊಳ್ಳೆಯ ರೀಫಿಲ್ಲು, ಕೆಲವು ಮನೆಗಳಲ್ಲಿ ಇಲಿ ಪಾಷಾಣ. ಇವೆಲ್ಲದರ ಮುಂದೆ ಕಸದ ಬುಟ್ಟಿ. ಬುಟ್ಟಿ ಅಲ್ಲಿರುವುದರಿಂದ ಆ ಬಾಗಿಲು ದಿನಕ್ಕೆ ಹತ್ತಿಪ್ಪತ್ತು ಸಲ ತೆರೆಯುತ್ತದೆ. ಅದೂ ಒದ್ದೆ ಕೈಯಲ್ಲಿ, ಈರುಳ್ಳಿ ಸಿಪ್ಪೆ ಹಿಡಿದ ಕೈಯಲ್ಲಿ, ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿನಲ್ಲಿ. ಮನೆಯ ಅತಿ ಅಪಾಯದ ಸಾಮಾನೂ ಅತಿ ಹೆಚ್ಚು ತೆರೆಯುವ ಬಾಗಿಲೂ ಒಂದೇ ಕಡೆ ಬಂದು ಕೂತಿವೆ. ಅಲ್ಲಿಗೆ ಎಂಥ ಲಾಕ್ ಹಾಕಿದರೂ ನಾಲ್ಕು ದಿನ ಕಳೆಯುವುದರೊಳಗೆ ಅದು ಬೀಳದಂತೆ ನೋಡಿಕೊಳ್ಳುವ ಉಪಾಯ ದೊಡ್ಡವರಿಗೇ ಹೊಳೆಯುತ್ತದೆ. ಹಾಗಾಗಿ ನನ್ನ ವಾದ ಇಷ್ಟೇ. ಆಗಾಗ ತೆರೆಯುವ ಬಾಗಿಲಿನ ಹಿಂದಿರುವ ವಿಷವನ್ನು ಅಪರೂಪಕ್ಕೆ ತೆರೆಯುವ ಒಂದು ಬಾಗಿಲಿನ ಹಿಂದಕ್ಕೆ ಸಾಗಿಸಿ, ಆ ಒಂದಕ್ಕೆ ಗಟ್ಟಿ ಲಾಕ್ ಹಾಕಿಸಿ. ಉಳಿದ ಬಾಗಿಲುಗಳನ್ನು ಲಾಕ್ ಇಲ್ಲದೆಯೇ ನಿರಪಾಯ ಮಾಡಿ.

— ಲಾಕ್ ಮಾಡಿರುವುದೇ ಮಗು ತೆರೆಯಬಾರದೆಂದು. ಕಂಪನಿಗಳು ಮಕ್ಕಳ ಕೈಗೆ ಕೊಟ್ಟು ಪರೀಕ್ಷೆ ಮಾಡಿಸಿಯೇ ಮಾರುತ್ತವೆ ಅನ್ನುತ್ತಾರೆ. ಪರೀಕ್ಷೆ ಪಾಸಾದ ಲಾಕ್ ಇದ್ದರೆ ಹಿಂದೆ ಆಮ್ಲವಿದ್ದರೇನು, ಅಕ್ಕಿಯಿದ್ದರೇನು?

— ಪರೀಕ್ಷೆ ಏನನ್ನು ಅಳೆಯುತ್ತದೆ ಎಂದು ನೋಡಿದರೆ ಈ ಧೈರ್ಯ ಸ್ವಲ್ಪ ಇಳಿಯುತ್ತದೆ. ಈ ಬಗೆಯ ಪರೀಕ್ಷೆಗಳಲ್ಲಿ ಹೆಸರಾದದ್ದು ಔಷಧಿ ಮತ್ತು ರಾಸಾಯನಿಕಗಳ ಮುಚ್ಚಳದ್ದು. ಅಮೆರಿಕದಲ್ಲಿ 1970ರ ವಿಷ ತಡೆ ಪ್ಯಾಕೇಜಿಂಗ್ ಕಾಯ್ದೆಯ ಕೆಳಗೆ ಅದು ರೂಪುಗೊಂಡಿತು. 42ರಿಂದ 51 ತಿಂಗಳ ಮಕ್ಕಳಿಗೆ ಬಾಟಲಿ ಕೊಟ್ಟು ಐದು ನಿಮಿಷ ಬಿಡುತ್ತಾರೆ. ಆಮೇಲೆ ದೊಡ್ಡವರೊಬ್ಬರು ಮಾತಿಲ್ಲದೆ ತೆರೆದು ತೋರಿಸುತ್ತಾರೆ, ಹಲ್ಲನ್ನೂ ಬಳಸಬಹುದು ಎನ್ನುತ್ತಾರೆ, ಇನ್ನೈದು ನಿಮಿಷ ಕೊಡುತ್ತಾರೆ. ಮೊದಲ ಐದು ನಿಮಿಷದಲ್ಲಿ ನೂರಕ್ಕೆ 85 ಮಕ್ಕಳು, ಹತ್ತು ನಿಮಿಷ ಮುಗಿಯುವಾಗ 80 ಮಕ್ಕಳು ಸೋತಿದ್ದರೆ ಮುಚ್ಚಳ ಪಾಸು. ಅಂದರೆ ನೂರರಲ್ಲಿ 20 ಮಕ್ಕಳು ಹತ್ತು ನಿಮಿಷದೊಳಗೆ ತೆರೆದರೂ ಅದು ಪಾಸಾದ ಮುಚ್ಚಳವೇ. ಇದು ಮೋಸವೇನಲ್ಲ, ಮುಚ್ಚಳದಿಂದ ನಾವು ಪಡೆಯುವುದು ಕೆಲವು ನಿಮಿಷಗಳ ಕಾಲಾವಕಾಶ ಎಂದು ಪರೀಕ್ಷೆಯೇ ಒಪ್ಪಿಕೊಂಡಿದೆ. ಕಪಾಟಿನ ಲಾಕ್‌ಗೂ ಈ ಲೆಕ್ಕವೇ ಅನ್ವಯ. 2012ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ಜನಪ್ರಿಯ ಕಪಾಟಿನ ಲಾಕನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿತು. ಸುಮಾರು 9 ಲಕ್ಷ ಲಾಕ್‌ಗಳು. ಒಂಬತ್ತು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳು ಅವನ್ನು ಬಿಚ್ಚಿದ್ದಾರೆಂದು 140 ದೂರುಗಳು ಬಂದಿದ್ದವು. ಮೂವರು ಮಕ್ಕಳು ಪಾತ್ರೆ ತೊಳೆಯುವ ಯಂತ್ರದ ಸೋಪು, ಕಿಟಕಿ ಮತ್ತು ಓವನ್ ಒರೆಸುವ ದ್ರವಗಳನ್ನು ಮುಟ್ಟಿಯೋ ನುಂಗಿಯೋ ಚಿಕಿತ್ಸೆಗೆ ಹೋಗಬೇಕಾಯಿತು. ಒಂಬತ್ತು ತಿಂಗಳು! ಆ ವಯಸ್ಸಿಗೆ ಮಗು ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣದನ್ನು ಹೆಕ್ಕಲು ಕಲಿಯುತ್ತಿರುತ್ತದೆ, ಅಷ್ಟೆ. ಅಂಥ ಲಾಕಿನ ಹಿಂದೆ ಅಕ್ಕಿಯಿದ್ದರೆ ನೆಲ ಗುಡಿಸಿದರಾಯಿತು. ಆಮ್ಲವಿದ್ದರೆ?

— ಹಾಗಾದರೆ ಲಾಕೇ ಬೇಡ ಎಂದ ಹಾಗಾಯಿತು. ಅರ್ಥಶಾಸ್ತ್ರಜ್ಞರೊಬ್ಬರು ಇದನ್ನೇ ಹೇಳಿದ್ದರಲ್ಲವೆ? ಸುರಕ್ಷತೆಯ ಸಾಧನ ಬಂದ ಮೇಲೆ ಜನ ಮೈಮರೆಯುತ್ತಾರೆ, ಹಾಗಾಗಿ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ ಎಂದು.

— ಹೇಳಿದ್ದರು. ಕಿಪ್ ವಿಸ್ಕುಸಿ ಎಂಬವರು 1984ರಲ್ಲಿ ಆಸ್ಪಿರಿನ್ ಮತ್ತು ನೋವಿನ ಮಾತ್ರೆಗಳ ಲೆಕ್ಕ ತೆಗೆದು, ಭದ್ರ ಮುಚ್ಚಳ ಇದೆಯೆಂಬ ನಂಬಿಕೆಯಲ್ಲಿ ಜನ ಬಾಟಲಿಯನ್ನು ಕೈಗೆಟಕುವಲ್ಲಿ ಬಿಡುತ್ತಾರೆ, ತೆರೆಯಲು ಕಷ್ಟವೆಂದು ಮುಚ್ಚದೆಯೂ ಇಡುತ್ತಾರೆ ಎಂದು ವಾದಿಸಿದರು. ಈ ಆಕ್ಷೇಪವನ್ನು ತಳ್ಳಿಹಾಕಬಾರದು, ಅದರಲ್ಲಿ ಮನುಷ್ಯಸ್ವಭಾವದ ಒಂದು ನಿಜ ಇದೆ. ಆದರೆ ಒಟ್ಟು ಪುರಾವೆ ಅದರ ಕಡೆಗಿಲ್ಲ. ಕೆನಡಾದ ವಿಂಡ್ಸರ್ ಪ್ರದೇಶದಲ್ಲಿ ವರ್ಷಕ್ಕೆ ಸಾವಿರದಷ್ಟು ಮಕ್ಕಳು ಔಷಧಿ, ರಾಸಾಯನಿಕ ನುಂಗುತ್ತಿದ್ದರು. ಅಲ್ಲಿನ ಮಕ್ಕಳ ವೈದ್ಯ ಆನ್ರಿ ಬ್ರೋ ಮೊದಲು ತಾಯ್ತಂದೆಯರಿಗೆ ತಿಳಿವಳಿಕೆ ಹೇಳಿ ನೋಡಿದರು, ಅಂಕಿ ಅಲುಗಲಿಲ್ಲ. 1967ರಲ್ಲಿ ಅಂಗೈಯಿಂದ ಒತ್ತಿ ತಿರುಗಿಸುವ ಮುಚ್ಚಳ ಬಂತು. ಆ ಪ್ರದೇಶದ ಔಷಧಿ ಅಂಗಡಿಗಳು ಅದನ್ನು ಬಳಸತೊಡಗಿದ ಮೇಲೆ ಪ್ರಕರಣಗಳು ನೂರಕ್ಕೆ 91ರಷ್ಟು ಇಳಿದವು. ಅಮೆರಿಕದಲ್ಲಿ ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿಗಳ ಬಗ್ಗೆ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಥ ಪ್ಯಾಕಿಂಗ್‌ನಿಂದ ಐದು ವರ್ಷದೊಳಗಿನ ಮಕ್ಕಳ ಸಾವಿನ ಪ್ರಮಾಣ ನೂರಕ್ಕೆ 45ರಷ್ಟು ತಗ್ಗಿತೆಂದೂ, 1974ರಿಂದ 1992ರ ನಡುವೆ ಸುಮಾರು 460 ಜೀವ ಉಳಿದವೆಂದೂ ಲೆಕ್ಕ ಹಾಕಿತು. ಮೈಮರೆವನ್ನೂ ಸೇರಿಸಿಯೇ ಬಂದ ಫಲ ಇದು.

ಮುಚ್ಚಳ ಗೆದ್ದ ಕಡೆ ಕಪಾಟಿನ ಲಾಕ್ ಯಾಕೆ ತಡವರಿಸುತ್ತದೆ ಎಂದು ಕೇಳಿದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ. ಮುಚ್ಚಳ ವಿಷದ ಮೈಮೇಲೆಯೇ ಕೂತಿರುತ್ತದೆ, ಬಾಟಲಿ ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತದೆ. ಮುಚ್ಚುವ ಕ್ರಿಯೆಯಲ್ಲಿಯೇ ಭದ್ರವಾಗುತ್ತದೆ, ಅದಕ್ಕೆಂದು ಬೇರೆ ನೆನಪು ಬೇಡ. ಕಪಾಟಿನ ಅಂಟುಪಟ್ಟಿ ಹಾಗಲ್ಲ. ಬಾಗಿಲು ಮುಚ್ಚಿದ ಮೇಲೆ ಪಟ್ಟಿಯನ್ನು ಮತ್ತೆ ಸಿಕ್ಕಿಸಬೇಕು, ಆ ಎರಡನೆಯ ಕೆಲಸವನ್ನು ಕೈ ಮರೆಯುತ್ತದೆ. ಆದ್ದರಿಂದ ಬಾಗಿಲು ತಳ್ಳಿದೊಡನೆ ತಾನೇ ಬೀಳುವ ಲಾಕ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಪುರಾವೆ ಇದಕ್ಕೆ ಹೊಂದುತ್ತದೆ. 1990ರಿಂದ 2006ರವರೆಗೆ ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಸ್ವಚ್ಛತಾ ಸಾಮಗ್ರಿಯಿಂದ ತೊಂದರೆಗೊಳಗಾಗಿ ಬಂದ ಐದು ವರ್ಷದವರೆಗಿನ ಮಕ್ಕಳ ಸಂಖ್ಯೆ ಸುಮಾರು 2,67,000. ಮೊದಲ ಸ್ಥಾನ ಬ್ಲೀಚಿಗೆ, ನೂರಕ್ಕೆ 37. ಆ ಹದಿನೇಳು ವರ್ಷಗಳಲ್ಲಿ ವಾರ್ಷಿಕ ಸಂಖ್ಯೆ 22,141ರಿಂದ 11,964ಕ್ಕೆ ಇಳಿಯಿತು. ಆದರೆ ಇಳಿಕೆ ಕಂಡದ್ದು ಮುಚ್ಚಳದ ಬಾಟಲಿಗಳಲ್ಲಿ. ಸ್ಪ್ರೇ ಬಾಟಲಿಗಳಿಂದಾದ ಪೆಟ್ಟು ಇಳಿಯಲೇ ಇಲ್ಲ. ಒಟ್ಟು ಪ್ರಕರಣಗಳಲ್ಲಿ ನೂರಕ್ಕೆ 40 ಅವುಗಳದ್ದೇ. ಮನೆಯಲ್ಲಿ ಯಾವ ಬಾಟಲಿ ಮೊದಲು ಲಾಕಿನ ಹಿಂದೆ ಹೋಗಬೇಕು ಎಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಸಿಗಲಿಕ್ಕಿಲ್ಲ.

— ನಮ್ಮ ಹಿರಿಯರಿಗೆ ಈ ಗೋಳೇ ಇರಲಿಲ್ಲ. ಮಗುವಿಗೆ ಎಟುಕಬಾರದ್ದು ನಾಗಂದಿಗೆಯ ಮೇಲೆ, ನೆಲುವಿನಲ್ಲಿ, ಅಟ್ಟದಲ್ಲಿ. ಎತ್ತರವೇ ಬೀಗ. ಈ ಮಾಡ್ಯುಲರ್ ಕಿಚನ್ ಬಂದು ಎಲ್ಲವನ್ನೂ ಮೊಣಕಾಲಿನ ಮಟ್ಟಕ್ಕೆ ಇಳಿಸಿತು.

— ಅರ್ಧ ನಿಜ. ಕೆಳಗಿನ ಸಾಲಿನಲ್ಲಿ ಬಾಗಿಲು ಬಂದದ್ದರಿಂದ ಅಪಾಯ ಮಗುವಿನ ಕಣ್ಣಿನ ಮಟ್ಟಕ್ಕೆ ಬಂತು ಎಂಬುದು ಸರಿ. ಆದರೆ ಎತ್ತರ ಎಷ್ಟು ಬಾಳುವ ಬೀಗ ಎಂಬುದಕ್ಕೆ ಭಾಗವತದ ಯಶೋದೆಯ ಮನೆಯೇ ಸಾಕ್ಷಿ. ಬೆಣ್ಣೆ ಸಿಕ್ಕದಲ್ಲಿ ತೂಗುತ್ತಿತ್ತು, ಹುಡುಗ ಒರಳನ್ನು ಬೋರಲು ಹಾಕಿ ಹತ್ತಿದ. ತಾಯಿ ಏನು ಮಾಡಿದಳು ನೋಡಿ: ಗಡಿಗೆಯನ್ನು ಬೇರೆಡೆಗೆ ಸಾಗಿಸಲಿಲ್ಲ, ಮಗುವನ್ನು ಅದೇ ಒರಳಿಗೆ ಕಟ್ಟಿದಳು. ಆಮೇಲೆ ಅವನು ಒರಳನ್ನೇ ಎಳೆದುಕೊಂಡು ಹೋಗಿ ಎರಡು ಮತ್ತಿ ಮರ ಬೀಳಿಸಿದ್ದು ಎಲ್ಲರಿಗೂ ಗೊತ್ತು. ಮಕ್ಕಳು ಒಂದೂವರೆ ವರ್ಷದ ಹೊತ್ತಿಗೆ ಹತ್ತಲು ಶುರು ಮಾಡುತ್ತಾರೆ. ಕಿಚನ್‌ನ ಡ್ರಾಯರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಒಂದಿಷ್ಟೊಂದಿಷ್ಟು ಎಳೆದರೆ ಮೆಟ್ಟಿಲು ಸಿದ್ಧ, ಕಟ್ಟೆಯ ಮೇಲೆ ನಿಂತರೆ ಮೇಲಿನ ಕಪಾಟು ಎದೆಯ ಮಟ್ಟ. ಎತ್ತರದ ಜೊತೆಗೆ ಬೀಗ ಇದ್ದರೆ ಸೈ, ಎತ್ತರವೊಂದೇ ಸಾಲದು.

ಹಿರಿಯರ ಮನೆ ನಿರಪಾಯವಾಗಿತ್ತು ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಸೀಮೆಎಣ್ಣೆ ಎಲ್ಲಿರುತ್ತಿತ್ತು? ಒಲೆಯ ಪಕ್ಕ, ನೆಲದ ಮೇಲೆ, ಎಷ್ಟೋ ಸಲ ಶರಬತ್ತಿನದೋ ಸೋಡಾದ್ದೋ ಬಾಟಲಿಯಲ್ಲಿ. ಭಾರತದ ಮಕ್ಕಳ ಆಸ್ಪತ್ರೆಗಳಿಗೆ ದಶಕಗಳ ಕಾಲ ವಿಷಪ್ರಾಶನವೆಂದು ಬಂದ ಎಳೆಯರಲ್ಲಿ ದೊಡ್ಡ ಪಾಲು ಸೀಮೆಎಣ್ಣೆ ಕುಡಿದವರದ್ದೇ. ಅದು ಹೊಟ್ಟೆಗಿಂತ ಹೆಚ್ಚಾಗಿ ಶ್ವಾಸಕೋಶವನ್ನು ಕೆಡಿಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿಯೂ ಇದೇ ಕಥೆಯಿತ್ತು. ಅಲ್ಲಿನ ಒಂದು ಗ್ರಾಮೀಣ ಪ್ರದೇಶದಲ್ಲಿ ಮಕ್ಕಳು ತೆರೆಯಲಾಗದ ಸೀಮೆಎಣ್ಣೆ ಡಬ್ಬಿಗಳನ್ನು ಮನೆಮನೆಗೆ ಉಚಿತವಾಗಿ ಹಂಚಿದಾಗ ಪ್ರಕರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು ಎಂದು 1994ರ ವರದಿ ಹೇಳುತ್ತದೆ. ನಮ್ಮಲ್ಲಿ ಡಬ್ಬಿ ಬದಲಾಗಲಿಲ್ಲ, ಅಡುಗೆಯ ಇಂಧನವೇ ಬದಲಾಯಿತು. ಗ್ಯಾಸು, ಕರೆಂಟು ಬಂದ ಮನೆಯಲ್ಲಿ ಸೀಮೆಎಣ್ಣೆಯನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಇಲ್ಲ. ಅಪಘಾತ ತಡೆಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ವಿಲಿಯಂ ಹ್ಯಾಡನ್ 1970ರಲ್ಲಿ ಹುಲಿ ತಪ್ಪಿಸಿಕೊಳ್ಳುವ ಕುರಿತು ಎಂಬ ತಮಾಷೆಯ ಹೆಸರಿನ ಲೇಖನ ಬರೆದರು. ಅವರ ಕ್ರಮದಲ್ಲಿ ಬೋನು ಬರುವುದು ಆಮೇಲೆ. ಹುಲಿಯನ್ನು ಸಾಕದಿರುವುದು ಮೊದಲು. ಮನೆಯಲ್ಲಿ ಮಗುವಿರುವ ಮೂರ್ನಾಲ್ಕು ವರ್ಷ ಪೈಪಿನ ಪುಡಿ ಬೇಕೇ? ಬಿಸಿನೀರು, ರಬ್ಬರಿನ ಪಂಪು, ತೀರಾ ಆದರೆ ಪ್ಲಂಬರ್. ಗಾಡಿಯಲ್ಲಿ ತಂದು ಹಳೆಯ ನೀರಿನ ಬಾಟಲಿಗೆ ಸುರಿದು ಕೊಡುವ ಆಸಿಡ್ಡಂತೂ ಯಾವ ವಾದಕ್ಕೂ ನಿಲ್ಲದ ಖರೀದಿ: ಬಾಟಲಿ ನೀರಿನದು, ಮುಚ್ಚಳ ನೀರಿನದು, ಮೇಲೆ ಚೀಟಿಯಿಲ್ಲ.

— ಸರಿ, ಸಾಮಾನು ಕಡಿಮೆ ಮಾಡೋಣ. ಆದರೂ ಮಗುವಿಗೆ ಬೇಡ ಎಂದು ಹೇಳಿ ಕಲಿಸುವುದು ಒಳ್ಳೆಯದಲ್ಲವೆ? ಎಲ್ಲವನ್ನೂ ಬಚ್ಚಿಟ್ಟರೆ ಮಗು ಕಲಿಯುವುದಾದರೂ ಯಾವಾಗ?

— ಕಲಿಸಬೇಕು, ಆದರೆ ಕಲಿತಿದೆ ಎಂದು ನಂಬಿ ಆಮ್ಲ ಬಿಡಬಾರದು. ವಿಷ ನುಂಗುವ ಮಕ್ಕಳಲ್ಲಿ ಹೆಚ್ಚಿನವರು ಒಂದರಿಂದ ಮೂರು ವರ್ಷದವರು. ಆ ವಯಸ್ಸಿನಲ್ಲಿ ವಸ್ತುವಿನ ಪರಿಚಯವಾಗುವುದೇ ಬಾಯಿಯಿಂದ. ಬೇಡ ಎಂಬ ಮಾತು ತಿಳಿಯುವುದಕ್ಕೂ ಆ ಮಾತಿಗಾಗಿ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದಕ್ಕೂ ನಡುವೆ ವರ್ಷಗಳ ಅಂತರವಿದೆ. ದೊಡ್ಡವರಲ್ಲಿಯೂ ಎಷ್ಟೋ ವಿಷಯಗಳಲ್ಲಿ ಆ ಅಂತರ ಮುಚ್ಚಿರುವುದಿಲ್ಲ ಬಿಡಿ. ಮಗು ಕಲಿಯಲಿಕ್ಕೆ ಬೇಕಾದದ್ದು ತೆರೆದು ಮುಚ್ಚುವ ಸ್ವಾತಂತ್ರ್ಯ. ಅದಕ್ಕೇ ನಾನು ಎಲ್ಲ ಬಾಗಿಲಿಗೂ ಲಾಕ್ ಬೇಡ ಎನ್ನುವುದು. ಕೆಳಗಿನ ಒಂದು ಕಪಾಟಿನಲ್ಲಿ ಸ್ಟೀಲಿನ ಡಬ್ಬಿ, ಮರದ ಸೌಟು, ಪ್ಲಾಸ್ಟಿಕ್ ಬಟ್ಟಲು ಇಟ್ಟು ಅದನ್ನು ಮಗುವಿನದೆಂದೇ ಬಿಡಿ. ಇಡೀ ಅಡುಗೆಮನೆ ಬೀಗ ಹಾಕಿಕೊಂಡು ಕೂತರೆ ಪ್ರತಿ ಬೀಗವೂ ಮಗುವಿಗೆ ಒಂದೊಂದು ಒಗಟಾಗುತ್ತದೆ, ಅದನ್ನು ಬಿಡಿಸಲು ಅದರ ಬಳಿ ದಿನವಿಡೀ ಸಮಯವಿದೆ. ಅಡುಗೆ ಮಾಡುವವರ ಪಕ್ಕದಲ್ಲಿ ತನ್ನದೇ ಬಾಗಿಲು ಇದ್ದರೆ ಮಗು ಅಲ್ಲಿಯೇ, ಕಣ್ಣ ಮುಂದೆಯೇ ಇರುತ್ತದೆ.

— ಕಣ್ಣ ಮುಂದೆ ಎಂದಿರಿ. ಕೊನೆಗೂ ಮಾತು ಅಲ್ಲಿಗೇ ಬಂತು. ಮಗುವನ್ನು ನೋಡಿಕೊಳ್ಳುವುದು ಮನೆಯವರ ಕರ್ತವ್ಯ. ತಾಯಿ ಕಣ್ಣಿಟ್ಟಿದ್ದರೆ ಇಷ್ಟೆಲ್ಲ ರಾಮಾಯಣ ಬೇಡ.

— ತಾಯಿ ಎಂದೇ ಬಂತಲ್ಲ ಬಾಯಲ್ಲಿ! ಅಡುಗೆ ಮಾಡುವವಳೂ ಅವಳೇ, ಕಣ್ಣಿಡಬೇಕಾದವಳೂ ಅವಳೇ. ಸಾರಿಗೆ ಒಗ್ಗರಣೆ ಹಾಕುವಾಗ ಕಣ್ಣು ಬಾಣಲೆಯ ಮೇಲಿರಬೇಕೋ ಮಗುವಿನ ಮೇಲೋ? ಒಗ್ಗರಣೆ ಸೀಯುವಷ್ಟು ಹೊತ್ತು ಮಗುವಿಗೆ ಧಾರಾಳವಾಗಿ ಸಾಕು. ಕಣ್ಗಾವಲನ್ನೇ ನೆಚ್ಚಿಕೊಂಡ ವ್ಯವಸ್ಥೆ ಕೂಡಿ ಬಾಳುವ ಮನೆಗಳಲ್ಲಿ ನಡೆದೀತು. ಒಬ್ಬರೇ ದುಡಿದು, ಅಡುಗೆ ಮಾಡಿ, ಮಗು ಸಾಕುವ ಮನೆಯಲ್ಲಿ ನಡೆಯುವುದಿಲ್ಲ. ಕರ್ತವ್ಯ ಯಾರದು ಎಂಬ ಪ್ರಶ್ನೆಗೆ ನ್ಯೂಯಾರ್ಕ್ ನಗರ ಕೊಟ್ಟ ಉತ್ತರ ನೋಡಿ. ಅಲ್ಲಿ ಬಹುಮಹಡಿ ಕಟ್ಟಡಗಳ ಕಿಟಕಿಯಿಂದ ಮಕ್ಕಳು ಬಿದ್ದು ಸಾಯುತ್ತಿದ್ದರು. 1972ರಲ್ಲಿ ಆರೋಗ್ಯ ಇಲಾಖೆ ಜಾಗೃತಿಯ ಜೊತೆಗೆ ಕಿಟಕಿಗೆ ಹಾಕುವ ಸರಳುಗಳನ್ನು ಉಚಿತವಾಗಿ ಹಂಚಿತು, ಬೀಳುವವರ ಸಂಖ್ಯೆ ಇಳಿಯಿತು. 1976ರಲ್ಲಿ ನಗರ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗಳಿಗೆ ಸರಳು ಹಾಕಿಸುವುದು ಕಟ್ಟಡದ ಮಾಲೀಕನ ಹೊಣೆ ಎಂದು ಕಾನೂನು ಮಾಡಿತು. ತಾಯಂದಿರ ಕಣ್ಣು ರಾತ್ರೋರಾತ್ರಿ ಚುರುಕಾಗಲಿಲ್ಲ, ಕಿಟಕಿ ಬದಲಾಯಿತು. ನಮ್ಮಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಕಿಚನ್ ಮಾಡಿಕೊಡುವವರು ಮೃದುವಾಗಿ ಮುಚ್ಚುವ ಕೀಲು, ಮೂಲೆಯ ತಿರುಗುಣಿ, ಚಮಚದ ತಟ್ಟೆ ಎಲ್ಲವನ್ನೂ ತೋರಿಸುತ್ತಾರೆ. ವಿಷದ ಸಾಮಾನಿಗೆಂದು ಕಣ್ಮಟ್ಟಕ್ಕಿಂತ ಮೇಲೆ, ಬೀಗವಿರುವ ಒಂದು ಗೂಡನ್ನು ನಕ್ಷೆಯಲ್ಲಿಯೇ ಬರೆದು ಕೊಡುವವರು ಕಡಿಮೆ. ಅದಕ್ಕೆ ತಗಲುವ ಖರ್ಚು ಒಂದು ಬಾಗಿಲು, ಒಂದು ಬೀಗ. ಕೊಳ್ಳುವವರು ಕೇಳಿದರೆ ಬಂದೇ ಬರುತ್ತದೆ. ಕೇಳದೆಯೂ ಬರಬೇಕು ಎಂಬುದು ನನ್ನ ಅಭಿಪ್ರಾಯ. ಯುರೋಪಿನಲ್ಲಿ ಕಪಾಟು, ಡ್ರಾಯರ್‌ಗಳ ಮಕ್ಕಳ ಲಾಕ್‌ಗಳಿಗೆಂದೇ ಇಎನ್ 16948 ಎಂಬ ಮಾನಕ ಇದೆ. ಆಮದಾಗಿ ಬಂದ ಲಾಕ್ ಕೊಳ್ಳುವವರು ಪೊಟ್ಟಣದ ಮೇಲೆ ಅದನ್ನು ಹುಡುಕಬಹುದು.

— ಮನೆಯಲ್ಲಿ ಅಜ್ಜಿ ಇರುತ್ತಾರೆ, ಬೆರಳಿನ ಸಂಧಿ ನೋವು. ಕೆಲಸಕ್ಕೆ ಬರುವವರು ಇರುತ್ತಾರೆ, ಅವಸರ. ಮಗು ತೆರೆಯಲಾಗದ ಬಾಗಿಲನ್ನು ಇವರೂ ತೆರೆಯಲಾಗದಿದ್ದರೆ?

— ಇದು ನಿಜವಾದ ತೊಡಕು. ಅಮೆರಿಕದ ಮುಚ್ಚಳದ ಪರೀಕ್ಷೆಯೇ ಇದರಲ್ಲಿ ಎಡವಿತ್ತು. ಮೊದಲು ದೊಡ್ಡವರ ಪಾಲಿನ ಪರೀಕ್ಷೆಗೆ 18ರಿಂದ 45 ವರ್ಷದವರನ್ನು ಕೂರಿಸುತ್ತಿದ್ದರು. ವಯಸ್ಸಾದವರು ಮುಚ್ಚಳ ತಿರುಗದೆಂದು ಬಾಟಲಿಯನ್ನು ತೆರೆದೇ ಇಡುತ್ತಿದ್ದರು, ಮೊಮ್ಮಕ್ಕಳ ಕೈಗೆ ಮಾತ್ರೆ ಸಿಗುತ್ತಿದ್ದದ್ದು ಎಷ್ಟೋ ಸಲ ಹೀಗೆ. 1995ರಲ್ಲಿ ನಿಯಮ ತಿದ್ದಿ 50ರಿಂದ 70 ವರ್ಷದವರ ಕೈಗೆ ಕೊಡತೊಡಗಿದರು. ನಮ್ಮ ಅಡುಗೆಮನೆಗೆ ಇದರ ಅರ್ಥ ಸ್ಪಷ್ಟ: ಲಾಕ್ ಆರಿಸುವ ದಿನ ಅಜ್ಜಿಯ ಕೈಯಿಂದಲೇ ತೆರೆಸಿ ನೋಡಿ. ಬಾಗಿಲಿನ ಒಳಗೆ ಕೂರುವ, ಹೊರಗಿನಿಂದ ಮ್ಯಾಗ್ನೆಟ್ ಹಿಡಿದರೆ ಬಿಡುವ ಲಾಕಿಗೆ ಬೆರಳ ಬಲ ಹೆಚ್ಚು ಬೇಡ, ಮಗುವಿನ ಕಣ್ಣಿಗೆ ಒಗಟೂ ಕಾಣುವುದಿಲ್ಲ. ಬಾಗಿಲು ಮುಚ್ಚಿದರೆ ತಾನೇ ಬೀಳುತ್ತದೆ. ಅದರ ದೋಷ ಎರಡು. ಮ್ಯಾಗ್ನೆಟ್ಟನ್ನು ಫ್ರಿಜ್ಜಿನ ಕೆಳಭಾಗಕ್ಕೆ ಅಂಟಿಸಿಡುವ ಅಭ್ಯಾಸ ಒಂದು. ಕೀಲಿಯನ್ನು ಮಗುವಿಗೇ ಕೊಟ್ಟ ಹಾಗೆ. ಅಂಟಿನಿಂದ ಕೂರಿಸುವುದು ಇನ್ನೊಂದು. ಎಣ್ಣೆ, ಹಬೆ, ಸೆಕೆಗೆ ಆ ಅಂಟು ಬಿಡುತ್ತದೆ. ಸ್ಕ್ರೂ ಹಾಕಿಸಿ. ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ ಇದ್ದರೆ ನೀರು ಕುಡಿದು ಊದಿಕೊಂಡ ಮೇಲೆ ಸ್ಕ್ರೂ ಕೂಡ ನಿಲ್ಲುವುದಿಲ್ಲ; ಐಎಸ್ 710 ಗುರುತಿನ ಮೆರೀನ್ ಪ್ಲೈವುಡ್ ಆದರೆ ಹಿಡಿಯುತ್ತದೆ. ಒಳಗಿನ ಸ್ಪ್ರಿಂಗ್ ಕೊಕ್ಕೆ ಅಗ್ಗ, ಆದರೆ ಅದು ಬಾಗಿಲನ್ನು ಒಂದಿಂಚು ತೆರೆಯಗೊಟ್ಟು ಆಮೇಲೆ ಹಿಡಿಯುತ್ತದೆ. ಆ ಸಂದಿಯಲ್ಲಿ ಮಗು ಬೆರಳು ತೂರಿಸುತ್ತದೆ.

— ಬೆರಳು ಎಂದಾಗ ನೆನಪಾಯಿತು. ಹಿಂದೇನೂ ಇಲ್ಲದಿದ್ದರೂ ಬಾಗಿಲೇ ಅಪಾಯವಲ್ಲವೆ?

— ಅಲ್ಲವೆನ್ನಲಾಗದು, ಆದರೆ ಅದರ ಮಟ್ಟ ಬೇರೆ. ಬೆರಳು ಜಜ್ಜುವುದು ಹಿಡಿಯ ಬದಿಗಿಂತ ಕೀಲಿನ ಬದಿಯಲ್ಲಿ ಕೆಟ್ಟದಾಗಿ. ಮೃದುವಾಗಿ ಮುಚ್ಚುವ ಕೀಲು ಹೊಡೆತವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಕೆಳಗಿನ ಸಾಲಿನಲ್ಲಿ ಗಾಜಿನ ಬಾಗಿಲು ಬೇಡ, ಇರಲೇಬೇಕಾದರೆ ಟಫನ್ಡ್ ಗಾಜು. ಹೆಚ್ಚು ಗಮನ ಕೊಡಬೇಕಾದದ್ದು ಇನ್ನೊಂದಿದೆ. ಮಕ್ಕಳು ಕಪಾಟಿನೊಳಗೆ ಅವಿತುಕೊಳ್ಳುತ್ತಾರೆ. ಹಿಂದೆ ಫ್ರಿಜ್ಜಿನ ಬಾಗಿಲಿಗೆ ಹೊರಗಿನಿಂದ ಬೀಳುವ ಚಿಲಕವಿರುತ್ತಿತ್ತು, ಬಿಸಾಡಿದ ಫ್ರಿಜ್ಜಿನೊಳಗೆ ಆಟಕ್ಕೆ ಹೊಕ್ಕು ಉಸಿರುಗಟ್ಟಿ ಸತ್ತ ಮಕ್ಕಳು ಅನೇಕರು. ಅಮೆರಿಕ 1956ರಲ್ಲಿ ಕಾಯ್ದೆ ತಂದು ಒಳಗಿನಿಂದ ತಳ್ಳಿದರೆ ತೆರೆಯಲೇಬೇಕು ಎಂದಿತು. ಇಂದಿನ ಫ್ರಿಜ್ಜಿನ ಅಂಚಿನಲ್ಲಿ ಮ್ಯಾಗ್ನೆಟ್ ಪಟ್ಟಿ ಇರುವುದರ ಹಿಂದೆ ಆ ಸಾವುಗಳಿವೆ. ಮಗುವಿನ ರಕ್ಷಣೆಗೆಂದು ಹಾಕಿದ ತಾನೇ ಬೀಳುವ ಲಾಕ್ ಮಗು ಹಿಡಿಸುವಷ್ಟು ದೊಡ್ಡ ಖಾಲಿ ಕಪಾಟಿಗೆ ಇದ್ದರೆ ಅದೇ ಹಳೆಯ ಚಿಲಕವನ್ನು ಮರಳಿ ತಂದ ಹಾಗೆ. ಎಲ್ಲ ಬಾಗಿಲಿಗೂ ಲಾಕ್ ಬೇಡ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

— ಬಾಡಿಗೆ ಮನೆಯವರು ಸ್ಕ್ರೂ ಹಾಕುವಂತಿಲ್ಲ. ಅವರಿಗೇನು ಹೇಳುತ್ತೀರಿ? ಇನ್ನೊಂದು ಅನುಮಾನ: ಎಲ್ಲ ವಿಷವನ್ನೂ ಒಂದೇ ಕಡೆ ಸೇರಿಸಿದರೆ, ಒಂದು ದಿನ ಅದು ತೆರೆದಿದ್ದರೆ ಎಲ್ಲವೂ ಒಟ್ಟಿಗೆ ಮಗುವಿನ ಮುಂದೆ.

— ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹತ್ತು ಕಡೆ ಹರಡಿದ್ದರೆ ಹತ್ತು ಬಾಗಿಲನ್ನೂ ದಿನವಿಡೀ ನೆನಪಿಡಬೇಕು. ಒಂದೇ ಕಡೆ ಇದ್ದು, ವಾರಕ್ಕೆ ಒಂದೆರಡು ಸಲ ಮಾತ್ರ ತೆರೆಯುವುದಾದರೆ ಮರೆವಿಗೆ ಸಿಗುವ ಅವಕಾಶವೇ ಒಂದೆರಡು. ಅದಕ್ಕಾಗಿ ನಿತ್ಯ ಬೇಕಾಗುವ ಪಾತ್ರೆಯ ಸೋಪನ್ನು ಕಟ್ಟೆಯ ಮೇಲೆ, ಗೋಡೆಯ ಬದಿಗೆ ತನ್ನಿ, ಕಸದ ಬುಟ್ಟಿಯನ್ನು ಗಟ್ಟಿ ಮುಚ್ಚಳದೊಂದಿಗೆ ಹೊರಗಿಡಿ. ಬೀಗದ ಗೂಡಿನಲ್ಲಿ ಉಳಿಯುವುದು ಅಪರೂಪಕ್ಕೆ ಬೇಕಾಗುವಂಥವು ಮಾತ್ರ. ಒಂದು ಎಚ್ಚರ: ಆಮ್ಲದ ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚು ಸೋರಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಇಡುವುದಾದರೆ ಬೇರೆ ಬೇರೆ ಪ್ಲಾಸ್ಟಿಕ್ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ. ಎರಡರಲ್ಲಿ ಒಂದನ್ನು ಕೊಳ್ಳದಿದ್ದರೆ ಇನ್ನೂ ಒಳ್ಳೆಯದು. ಅಡುಗೆಮನೆಯ ತೂಕದ ಯಂತ್ರದ ಬಟನ್ ಬ್ಯಾಟರಿಯೂ ಅಲ್ಲಿಗೇ ಹೋಗಲಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಎರಡು ಗಂಟೆಯಲ್ಲಿ ಸುಡಬಲ್ಲದು.

ಬಾಡಿಗೆ ಮನೆಗೆ ಸ್ಕ್ರೂ ಬೇಕಿಲ್ಲ. ಬೀಗ ಹಾಕುವ ಒಂದು ಹಳೆಯ ಟ್ರಂಕು ಸಾಕು, ಅಟ್ಟದ ಮೇಲೆ ಇಟ್ಟರಾಯಿತು. ನಮ್ಮಲ್ಲಿ ಬೀಗಕ್ಕೇನೂ ಬರವಿಲ್ಲ. ಚಿನ್ನಕ್ಕೆ, ರೇಷ್ಮೆ ಸೀರೆಗೆ, ಬಾಂಡು ಕಾಗದಕ್ಕೆ ಬೀರು ಇದೆ, ಬೀರುವಿನೊಳಗೆ ಮತ್ತೊಂದು ಲಾಕರ್ ಇದೆ, ಕೀಲಿ ಸೊಂಟದಲ್ಲಿದೆ. ಮಗುವಿನ ಗಂಟಲನ್ನು ಜನ್ಮಕ್ಕೆ ಸುಟ್ಟುಬಿಡುವ ಪುಡಿ ಮಾತ್ರ ನೆಲದಿಂದ ಒಂದಡಿ ಎತ್ತರದಲ್ಲಿ, ತಳ್ಳಿದರೆ ತೆರೆಯುವ ಬಾಗಿಲಿನ ಹಿಂದೆ ಇದೆ. ಇದನ್ನು ಬಡತನದ ಮೇಲೆ ಹಾಕುವಂತಿಲ್ಲ.

— ಇಷ್ಟೆಲ್ಲ ಮಾಡಿಯೂ ಮಗು ಏನೋ ಕುಡಿದುಬಿಟ್ಟರೆ?

— ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆಮ್ಲ, ಕಾಸ್ಟಿಕ್, ಸೀಮೆಎಣ್ಣೆಯಂಥವು ಮೇಲಕ್ಕೆ ಬರುವಾಗ ಎರಡನೆಯ ಸಲ ಸುಡುತ್ತವೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತವೆ. ಬಾಯಿ ಒರೆಸಿ, ಬಾಟಲಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ. ವೈದ್ಯರಿಗೆ ನಿಮ್ಮ ವಿವರಣೆಗಿಂತ ಬಾಟಲಿಯ ಮೇಲಿನ ಚೀಟಿ ಹೆಚ್ಚು ಹೇಳುತ್ತದೆ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, ಹಗಲು ರಾತ್ರಿ ಉತ್ತರಿಸುತ್ತದೆ, ಕರೆ ಉಚಿತ. ಬೀಗ ಹಾಕಿಸುವ ದಿನವೇ ಆ ಬಾಗಿಲಿನ ಒಳಮೈಗೆ ಅದರ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿ, ಫೋನಿನಲ್ಲಿಯೂ ಸೇರಿಸಿಕೊಳ್ಳಿ: 1800 116 117.